ಗಲ್ಲದ ಗಾಳಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಕಥೆಯಲ್ಲಿ ನಾನು ಸಿಟ್ಟು ಮಾಡಿಕೊಂಡದ್ದೆಲ್ಲ ಸಲ್ಲದವರ ಮೇಲೆ. ಸಲ್ಲಬೇಕಾದವಳ ಮೇಲೆ, ಅಂದರೆ ನನ್ನ ಮೇಲೆ ನನಗೇ ಸಿಟ್ಟು ಬಂದಾಗ ಬಹಳ ತಡವಾಗಿತ್ತು.

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಡಾಕ್ಟರ್ ಗೌರೀಶ ಅವರ ಎದೆರೋಗದ ದವಾಖಾನೆ ಇದೆ. ನಾನು ಅಲ್ಲಿ ನರ್ಸು, ಹೆಸರು ಯಶೋಧಾ. ದಿನಾ ಸಂಪಗಾಂವದಿಂದ ಏಳೂವರೆಯ ಬಸ್ಸಿಗೆ ಬಂದು, ಕಸ ಹೊಡೆಯುವವಳು ಇನ್ನೂ ನೆಲ ಒರೆಸುತ್ತಿರುವಾಗಲೇ ಫೋನ್ ಹಿಡಿದು ಕೂರುತ್ತೇನೆ. ಇಪ್ಪತ್ತಾರು ಮಂದಿಗೆ ಫೋನ್ ಮಾಡಬೇಕು. ಎಲ್ಲರೂ ದಮ್ಮಿನವರು. ರಾಮದುರ್ಗ, ಸವದತ್ತಿ, ಕಿತ್ತೂರು ಕಡೆಯಿಂದ ದಿನಾ ದವಾಖಾನೆಗೆ ಬರುವುದು ಯಾರಿಗೂ ಆಗದ ಮಾತು. ಅದಕ್ಕೇ ಡಾಕ್ಟರು ಎಲ್ಲರ ಮನೆಗೂ ಒಂದೊಂದು ಪೀಪಿ ಕೊಟ್ಟು ಕಳಿಸಿದ್ದಾರೆ.

ಅದಕ್ಕೆ ಪೀಕ್ ಫ್ಲೋ ಮೀಟರ್ ಎಂಬ ದೊಡ್ಡ ಹೆಸರಿದೆ. ಆದರೆ ಅದನ್ನು ಪೀಪಿ ಅನ್ನದ ಒಬ್ಬ ಪೇಶಂಟನ್ನೂ ನಾನು ನೋಡಿಲ್ಲ. ಗೇಣುದ್ದದ ಪ್ಲಾಸ್ಟಿಕ್ ಕೊಳವೆ. ಎದೆ ತುಂಬ ಉಸಿರೆಳೆದು, ಬಾಯಿಗೆ ಹಚ್ಚಿ, ಒಂದೇ ಸಲ ಜೋರಾಗಿ ಊದಿದರೆ ಮೇಲಿನ ಕೆಂಪು ಮುಳ್ಳು ಸರಿದು ಒಂದು ಅಂಕಿಯ ಎದುರು ನಿಲ್ಲುತ್ತದೆ. ಎದೆಯೊಳಗಿನ ದಾರಿ ಎಷ್ಟು ಬಿಚ್ಚಿಕೊಂಡಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ದಮ್ಮು ಜೋರಾಗುವ ಎರಡು ದಿನ ಮೊದಲೇ ಅಂಕಿ ಇಳಿಯಲು ಶುರುವಾಗುತ್ತದೆ. ಮನುಷ್ಯನಿಗೆ ಇನ್ನೂ ಏನೂ ಅನ್ನಿಸಿರುವುದಿಲ್ಲ, ಮುಳ್ಳಿಗೆ ಗೊತ್ತಾಗಿರುತ್ತದೆ. ಪ್ರತಿ ಪೀಪಿಗೂ ನಾನೇ ನನ್ನ ಕೈಯಾರೆ ಮೂರು ಬಣ್ಣದ ಟೇಪು ಅಂಟಿಸಿದ್ದೇನೆ. ಹಸಿರಿದ್ದರೆ ಆರಾಮ, ಹಳದಿಯಿದ್ದರೆ ಔಷಧ ಹೆಚ್ಚಿಸಬೇಕು, ಕೆಂಪಿದ್ದರೆ ಇದ್ದ ಕೆಲಸ ಬಿಟ್ಟು ದವಾಖಾನೆಗೆ ಓಡಬೇಕು.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಮನೋಳಿಯಿಂದ ಮಹಾದೇವಪ್ಪ ಪತ್ತಾರ ಬಂದರು. ಅರವತ್ತೆಂಟು ವಯಸ್ಸು. ಬೆಳ್ಳಿ ಬಂಗಾರದ ಕೆಲಸ. ಸಣಕಲು ಮೈ, ಬೆರಳ ತುದಿಗಳೆಲ್ಲ ಕಪ್ಪು, ಬಾಯಿ ತುಂಬ ತಮಾಷೆ. ಜೊತೆಗೆ ಹೆಂಡತಿ ಗುರುಬಸವ್ವ. ಆಕೆ ಮಾತು ಕಡಿಮೆ. ಗಂಡ ಮಾತಾಡುವಷ್ಟು ಹೊತ್ತೂ ಅವನ ಎದೆಯ ಮೇಲೇ ಕಣ್ಣಿಟ್ಟು ಕೂತಿದ್ದಳು.

ಐವತ್ತು ವರ್ಷ ಇದ್ದಿಲ ಒಲೆಯ ಮುಂದೆ ಕೂತ ಎದೆ ಅದು. ಡಾಕ್ಟರು ಸ್ಟೆತಾಸ್ಕೋಪು ಕಿವಿಯಿಂದ ತೆಗೆದು ನೇರವಾಗಿ ಹೇಳಿದರು:

"ಅಗ್ಗಿಷ್ಟಿಗಿ ಬಿಡಬೇಕಾಗತದ ಕಾಕಾ."

ಮಹಾದೇವಪ್ಪನವರ ಮುಖದ ತಮಾಷೆ ಒಮ್ಮೆಲೇ ಆರಿಹೋಯಿತು. "ಡಾಕ್ಟರ, ಬೋರಮಾಳದ ಗುಂಡಿಗೆ ಬೆಸಿಗಿ ಹಾಕಾಂವ ಈಗ ನಮ್ಮೂರಾಗ ನಾ ಒಬ್ಬಾಂವ ಉಳದೇನಿ. ಅದನ್ನ ಬಿಟ್ಟ ಮನ್ಯಾಗ ಕುಂತ್ರ ದಮ್ಮ ಕಡಿಮಿ ಆಗಬಹುದು, ನಾ ಉಳಿಯೂದಿಲ್ಲ."

ಬೋರಮಾಳವೆಂದರೆ ಬೋರೆಹಣ್ಣಿನಂಥ ಪೊಳ್ಳು ಗುಂಡುಗಳ ಬಂಗಾರದ ಸರ. ತೆಳು ಹಾಳೆಯ ಎರಡು ಬಟ್ಟಲು ಮಾಡಿ, ಕೂಡಿಸಿ ಬೆಸೆಯಬೇಕು. ಬಾಯಲ್ಲಿ ಊದುಗೊಳವೆ ಹಿಡಿದು, ದೀಪದ ಉರಿಯನ್ನು ಸೂಜಿಯ ಹಾಗೆ ಸಣ್ಣ ಮಾಡಿ ಆ ಕೂಡಿಕೆಯ ಮೇಲೆ ಬಿಡಬೇಕು. ಉರಿ ಒಂದು ಚೂರು ಹೆಚ್ಚಾದರೆ ಗುಂಡೇ ಕರಗಿ ಹೋಗುತ್ತದೆ. ಅದನ್ನೆಲ್ಲ ಅವರು ಕೈಮಾಡಿ ತೋರಿಸುತ್ತ ಹೇಳುವಾಗ ನಾನೂ ಕೆಲಸ ಮರೆತು ಕೇಳಿದೆ.

ಕಡೆಗೆ ಒಂದು ಒಪ್ಪಂದವಾಯಿತು. ದಿನಾ ಎರಡು ಹೊತ್ತು ಬಾಯಿಗೆ ಹಿಡಿದು ಔಷಧದ ಪಂಪು ಎಳೆಯಬೇಕು, ದಿನಾ ಮುಂಜಾನೆ ಪೀಪಿ ಊದಿ ನನಗೆ ಅಂಕಿ ಹೇಳಬೇಕು. ಅಂಕಿ ಹಸಿರಿನಲ್ಲಿ ಇರುವತನಕ ಒಲೆ ಅವರದು. ಹಳದಿಗೆ ಇಳಿಯಿತೋ, ಒಲೆ ಬಂದ್.

ಊದಲು ಕಲಿಸುವುದು ನನ್ನ ಕೆಲಸ. ಆ ದಿನ ಬೈಲಹೊಂಗಲದ ಸಂತೆ. ಹೊರಗೆ ನಲವತ್ತು ಮಂದಿ ಕೆಮ್ಮುತ್ತ ಕೂತಿದ್ದರು. ಉಸಿರು ಅಳೆಯುವ ದವಾಖಾನೆಯ ದೊಡ್ಡ ಯಂತ್ರ ರಿಪೇರಿಗೆ ಹೋಗಿತ್ತು. ಪತ್ತಾರ ಕಾಕಾ ಪೀಪಿ ಊದಿದರು. ಇನ್ನೂರಾ ಹತ್ತು. ಮತ್ತೆ ಊದಿದರು. ಇನ್ನೂರಾ ಇಪ್ಪತ್ತು.

ನನಗೆ ರೇಗಿತು. ಇಷ್ಟು ಮಾತಾಡುವ ಮನುಷ್ಯ ಊದುವಾಗ ಕಳ್ಳತನ ಮಾಡುತ್ತಾನೆ ಅನ್ನಿಸಿತು. "ಏನ್ರಿ ಕಾಕಾ, ಐವತ್ತ ವರ್ಷ ಊದುಗೊಳವಿ ಊದಿದಾರು ಹಿಂಗ ಊದತಾರನ? ಊದುಗೊಳವಿ ಊದಿಧಂಗ ಊದ್ರಿ ನೋಡೋಣು!"

ಅವರು ನನ್ನನ್ನು ಒಮ್ಮೆ ನೋಡಿದರು. ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು. ಪೀಪಿ ಬಾಯಿಗೆ ಹಚ್ಚಿದರು. ಟಪ್ಪೆಂದು ಸದ್ದಾಯಿತು. ಮುಳ್ಳು ನಾನೂರಾ ಮೂವತ್ತಕ್ಕೆ ಹೋಗಿ ನಿಂತಿತ್ತು.

"ಶಾಬಾಸ್! ಇದು ಊದೂದಂದ್ರ!" ಎಂದು ನಾನು ಚಪ್ಪಾಳೆ ತಟ್ಟಿದೆ. "ದಿನಾ ಹಿಂಗ ಊದಬೇಕ ನೋಡ್ರಿ." ರಿಜಿಸ್ಟರಿನಲ್ಲಿ ನಾನೂರಾ ಮೂವತ್ತು ಬರೆದೆ, ಅದರ ಪ್ರಕಾರ ಹಸಿರು ಟೇಪು ಅಂಟಿಸಿದೆ, ಮುಂದಿನವರನ್ನು ಕರೆದೆ.

ಅಲ್ಲಿಂದ ನನ್ನ ಮುಂಜಾನೆಗಳು ಚೆನ್ನಾಗಿ ಶುರುವಾಗತೊಡಗಿದವು. ಉಳಿದವರಿಗೆ ಫೋನ್ ಮಾಡಿದರೆ ಒಬ್ಬರು ಪೀಪಿ ಮೊಮ್ಮಗಳ ಹತ್ತಿರ ಇದೆ ಅನ್ನುವರು, ಇನ್ನೊಬ್ಬರು ನಿನ್ನೆಯದೇ ಬರೆದುಕೋ ಅನ್ನುವರು. ಪತ್ತಾರ ಕಾಕಾ ಮಾತ್ರ ಮೊದಲ ರಿಂಗಿಗೇ ಎತ್ತುತ್ತಿದ್ದರು. "ಯಶೋಧಾಬಾಯಾರ, ಬರಕೋರಿ. ನಾನೂರಾ ನಲವತ್ತ. ಹಸುರು, ಮನೋಳಿ ಹೊಳಿದಂಡಿ ಇದ್ಧಂಗ ಐತಿ." ಮರುವಾರ ನಾನೂರಾ ಐವತ್ತು. ನಾನು ಬೇರೆ ಪೇಶಂಟರಿಗೆ ಅವರ ಹೆಸರು ಹೇಳಿ ಬುದ್ಧಿ ಹೇಳುವಷ್ಟು ಆಯಿತು. ಡಿಸೆಂಬರಿನಲ್ಲಿ ಡಾಕ್ಟರು ನನ್ನ ರಿಜಿಸ್ಟರು ನೋಡಿ ಖುಷಿಪಟ್ಟು ಅವರ ಪಂಪಿನ ಔಷಧ ಅರ್ಧ ಕಡಿಮೆ ಮಾಡಿದರು.

ಆಮೇಲೆ ಗುರುಬಸವ್ವನ ಫೋನು ಶುರುವಾಯಿತು.

ಮೊದಲ ಸಲ ಆಕೆ ಹೇಳಿದ್ದು ಇಷ್ಟೇ: "ಮಾಳಿಗಿ ಹತ್ತುವಾಗ ಎರಡ ಕಡೆ ನಿಂದರತಾರ ಯವ್ವಾ." ಅವರ ಮನೆಯ ಮಾಳಿಗೆಗೆ ಹನ್ನೊಂದು ಮೆಟ್ಟಿಲು. ಕಾಕಾ ದಿನಾ ಮುಂಜಾನೆ ಮೇಲೆ ಹೋಗಿ ಹೊಳೆಯ ಕಡೆ ಮುಖಮಾಡಿ ಕೈಮುಗಿದು, ಗುಬ್ಬಿಗಳಿಗೆ ಒಂದು ಹಿಡಿ ನುಚ್ಚು ಹಾಕಿ ಬರುತ್ತಾರೆ. ಅದು ಅವರ ಪೂಜೆ.

"ವಯಸ್ಸಾಗೇದಲ್ರಿ ಕಾಕು. ನಂಬರ ಚಲೋ ಐತಿ," ಎಂದೆ.

ವಾರ ಬಿಟ್ಟು ಮತ್ತೆ ಫೋನು. "ಮೂರ ಕಡೆ ನಿಂದರತಾರ." ಇನ್ನೊಂದು ದಿನ, "ಉಣ್ಣುವಾಗ ನಡುವ ರೊಟ್ಟಿ ಕೆಳಗಿಟ್ಟ ಉಸರ ತಗೋತಾರ." ಪ್ರತಿ ಸಲವೂ ನಾನು ರಿಜಿಸ್ಟರು ತೆಗೆದು ನೋಡುತ್ತಿದ್ದೆ. ಪ್ರತಿ ಸಲವೂ ಅದು ಹಸಿರಾಗಿತ್ತು. ನಾಲ್ಕನೆಯ ಸಲ ನಾನು ಆಕೆಯ ಮೇಲೆ ಹರಿಹಾಯ್ದೆ. "ಕಾಕು, ಮಶೀನ ಸುಳ್ಳ ಹೇಳತೈತೇನು? ನೀವು ಸುಮ್ಮಸುಮ್ಮನ ಅಂಜಿ ಅವರನ್ನೂ ಅಂಜಸಬ್ಯಾಡ್ರಿ!"

"ನನಗ ಮಶೀನ ತಿಳಿಯೂದಿಲ್ಲವ್ವಾ," ಎಂದಳು ಆಕೆ. "ನನಗ ಅವರಷ್ಟs ತಿಳೀತಾರ." ಫೋನ್ ಇಟ್ಟಳು. ಈಗಲೂ ಆ ಮಾತು ನೆನಪಾದರೆ ನನಗೆ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಜನವರಿಯ ಒಂದು ಗುರುವಾರ ಕಾಕಾ ಫೋನ್ ಎತ್ತಿದಾಗ ನಾಲ್ಕು ರಿಂಗಾಗಿತ್ತು. "ನಾನೂರಾ... ಅರವತ್ತ." ಅಷ್ಟೇ. ಹೊಳೆದಂಡೆ ಇಲ್ಲ, ತಮಾಷೆ ಇಲ್ಲ. ನಾನು ಬರೆಯಲು ಪೆನ್ನು ಇಳಿಸಿದವಳು ಹಾಗೇ ನಿಂತೆ. ಇದುವರೆಗಿನ ಅಂಕಿಗಳಲ್ಲೆಲ್ಲ ದೊಡ್ಡದು. ಆದರೆ ಆ ಅಂಕಿಯನ್ನು ಹೇಳಲು ಅವರಿಗೆ ಉಸಿರು ಸಾಲಲಿಲ್ಲ.

"ಕಾಕಾ, ಒಂದ ಉಸರಿನ್ಯಾಗ ಒಂದು ಎರಡು ಎಣಸ್ರಿ ನೋಡೋಣು."

"ಯಾಕ..."

"ಎಣಸ್ರಿ."

ಆರೋಗ್ಯವಾಗಿದ್ದವರು ಮೂವತ್ತರ ತನಕ ಹೋಗುತ್ತಾರೆ. ಅವರು ಏಳಕ್ಕೆ ನಿಂತರು. ಹಿಂದಿನಿಂದ ಗುರುಬಸವ್ವನ ದನಿ ಕೇಳಿಸಿತು. "ಇವತ್ತ ಮಾಳಿಗಿ ಹತ್ತೇ ಇಲ್ಲ. ಮೂರನೇ ಮೆಟ್ಟಲಿಗೆ ಕುಂತ ಬಿಟ್ರು."

ದವಾಖಾನೆಗೆ ಬನ್ನಿ ಅಂದರೆ ಕಾಕಾ ಕೇಳಲಿಲ್ಲ. ಹಸಿರಿರುವಾಗ ಯಾಕೆ ಬರಲಿ, ಒಪ್ಪಂದ ಒಪ್ಪಂದವೇ ಅಂದರು. ನಾನು ಡಾಕ್ಟರ ಕೋಣೆಗೆ ನುಗ್ಗಿ ಎರಡನ್ನೂ ಹೇಳಿದೆ, ನಾನೂರಾ ಅರವತ್ತು ಮತ್ತು ಏಳು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಂಬರ ಬಿಡು, ಕಿವಿ ನಂಬು. ನನ್ನ ಗಾಡಿ ತಗೊಂಡ ಹೋಗು. ಹೋಗೂತ್ಲೆ ಫೋನ್ ಮಾಡು."

ಡ್ರೈವರ್ ಬಾಳೇಶ ಯರಗಟ್ಟಿ ದಾರಿ ಹಿಡಿದ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಇದ್ದವು. ನನ್ನ ತೊಡೆಯ ಮೇಲೆ ಔಷಧದ ಚೀಲ. ದಾರಿಯುದ್ದಕ್ಕೂ ನಾನು ಯಂತ್ರವನ್ನೇ ಬೈಯುತ್ತಿದ್ದೆ. ಮುಳ್ಳು ಸಿಕ್ಕಿಕೊಂಡಿರಬೇಕು, ಪೀಪಿ ಕೆಟ್ಟಿರಬೇಕು, ಕಂಪನಿಯವರು ಕಸ ಮಾರುತ್ತಾರೆ ಎಂದು. ಚೀಲದಲ್ಲಿ ಹೊಸ ಪೀಪಿಯೊಂದನ್ನು ಹಾಕಿಕೊಂಡಿದ್ದೆ.

ಮನೋಳಿಯ ಮನೆ ಪೇಟೆಯಿಂದ ಹೊಳೆಗೆ ಇಳಿಯುವ ಓಣಿಯಲ್ಲಿದೆ. ಪಡಸಾಲೆಯೇ ಕೆಲಸದ ಜಾಗ. ಅಗ್ಗಿಷ್ಟಿಕೆ, ಎಣ್ಣೆಯ ದೀಪ, ಚಿಮಟ, ಮರದ ಪೆಟ್ಟಿಗೆ. ಹಿಂದಿನ ಸಂಜೆ ಬೆಸೆದಿಟ್ಟ ಎಂಟು ಬೋರಮಾಳದ ಗುಂಡುಗಳು ತಾಟಿನಲ್ಲಿ ಹೊಳೆಯುತ್ತಿದ್ದವು. ಕಾಕಾ ಗೋಡೆಗೆ ಆತು ಎರಡೂ ಕೈ ಮೊಣಕಾಲ ಮೇಲೆ ಊರಿ ಕೂತಿದ್ದರು. ಭುಜಗಳು ಉಸಿರಿನ ಜೊತೆ ಏರಿ ಇಳಿಯುತ್ತಿದ್ದವು. ನನ್ನನ್ನು ನೋಡಿ ನಗಲು ನೋಡಿದರು.

"ಗಾಡಿ... ತಗೊಂಡ ಬಂದೀರಿ. ಒಲಿ ಬಂದ್... ಮಾಡಾಕೇನು?"

ನಾನು ಹೊಸ ಪೀಪಿ ಕೊಟ್ಟೆ. "ಇದರಾಗ ಊದ್ರಿ."

ಅವರು ಬಾಯಿಗೆ ಹಚ್ಚಿದರು. ಆಗ ನಾನು ಮೊದಲ ಸಲ ಸರಿಯಾಗಿ ನೋಡಿದೆ. ಎದೆ ಅಲುಗಲೇ ಇಲ್ಲ. ಎರಡೂ ಗಲ್ಲ ಲಿಂಬೆಹಣ್ಣಿನಂತೆ ಉಬ್ಬಿದವು, ನಾಲಿಗೆ ಪೀಪಿಯ ಬಾಯಿಗೆ ಬಾಗಿಲು ಹಾಕಿತು, ಮರುಕ್ಷಣ ಟಪ್ಪೆಂದು ತೆರೆಯಿತು. ಮುಳ್ಳು ನಾನೂರಾ ಐವತ್ತೈದು.

ಪೀಪಿ ಕೆಟ್ಟಿರಲಿಲ್ಲ. ಅವರು ಮೋಸವನ್ನೂ ಮಾಡಿರಲಿಲ್ಲ. ಊದುಗೊಳವೆ ಊದುವ ಪತ್ತಾರರು ಎದೆಯಿಂದ ಊದುವುದಿಲ್ಲ. ಎದೆಯಿಂದ ಊದಿದರೆ ಪ್ರತಿ ಉಸಿರಿಗೂ ಉರಿ ನಡುಗುತ್ತದೆ, ಗುಂಡು ಕರಗುತ್ತದೆ. ಅವರು ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು, ಮೂಗಿನಿಂದ ಉಸಿರಾಡುತ್ತಲೇ, ಗಲ್ಲ ಒತ್ತಿ ಗಾಳಿ ಬಿಡುತ್ತಾರೆ. ಐವತ್ತು ವರ್ಷದ ವಿದ್ಯೆ. ಅದನ್ನೇ ಒಂದೇ ಸಲ ಬಿಟ್ಟರೆ ಪೀಪಿಯ ಮುಳ್ಳು ಹಾರುತ್ತದೆ. ಮೊದಲ ದಿನ ಅವರು ಎರಡು ಸಲ ಎದೆಯಿಂದ, ಪ್ರಾಮಾಣಿಕವಾಗಿ ಊದಿದ್ದರು. ಊದುಗೊಳವೆ ಊದಿದ ಹಾಗೆ ಊದಿ ಎಂದವಳು ನಾನು. ಚಪ್ಪಾಳೆ ತಟ್ಟಿದವಳೂ ನಾನೇ. ಎರಡು ತಿಂಗಳು ನಾನು ಇವರ ಗಲ್ಲದ ಆರೋಗ್ಯ ಬರೆದುಕೊಂಡಿದ್ದೆ, ಆ ಗಲ್ಲವನ್ನು ನಂಬಿ ಅವರ ಔಷಧ ಅರ್ಧಕ್ಕೆ ಇಳಿಸಿದ್ದೆವು.

"ಕಾಕಾ, ಗಲ್ಲದಿಂದ ಬ್ಯಾಡ್ರಿ. ಎದಿಯಿಂದ ಊದ್ರಿ."

ಅವರು ಪ್ರಯತ್ನಿಸಿದರು. ಗಲ್ಲ ಮತ್ತೆ ತಾನೇ ಉಬ್ಬಿತು. ಇನ್ನೊಮ್ಮೆ. ಮತ್ತೆ ಉಬ್ಬಿತು. ಆ ಗಲ್ಲಕ್ಕೆ ಬೇರೆ ಏನೂ ಗೊತ್ತಿರಲಿಲ್ಲ.

ಆಗ ನಾನು ಯೋಚಿಸದೆ ಎರಡೂ ಅಂಗೈಯಿಂದ ಅವರ ಗಲ್ಲ ಹಿಡಿದುಬಿಟ್ಟೆ. ಹಿಡಿದ ಮೇಲೆ ನಾಚಿಕೆಯಾಯಿತು. ನಮ್ಮ ಕೇರಿಯ ಹೆಣ್ಣುಮಗಳು ಪತ್ತಾರರ ಪಡಸಾಲೆ ಹತ್ತುವುದೇ ನಮ್ಮಜ್ಜಿಯ ಕಾಲಕ್ಕೆ ಇರಲಿಲ್ಲ. ಇವತ್ತು ನಾನು ಮನೆಯ ಯಜಮಾನನ ಮುಖವನ್ನೇ ಅವನ ಹೆಂಡತಿಯ ಎದುರು ಹಿಡಿದು ಕೂತಿದ್ದೆ. ನಾನು ಗುರುಬಸವ್ವನ ಕಡೆ ನೋಡಿದೆ.

"ಬಿಗಿ ಹಿಡಿಯವ್ವಾ," ಎಂದಳು ಆಕೆ. "ಬಿಡಬ್ಯಾಡ."

ಕಾಕಾ ಊದಿದರು. ಈ ಸಲ ಟಪ್ಪೆನ್ನುವ ಸದ್ದಿಲ್ಲ. ಎದೆಯ ಆಳದಿಂದ ಸೀಟಿಯಂಥ ಒಂದು ಸಣ್ಣ ಎಳೆ ಬಂತು, ಅಷ್ಟೇ. ಮುಳ್ಳು ತುಸು ಸರಿದು ನಿಂತಿತು.

ನೂರಾ ನಲವತ್ತು.

ಕಾಕಾ ಮುಳ್ಳನ್ನೇ ನೋಡಿದರು. ಬಂಗಾರ ನೋಡುವವರ ಕಣ್ಣು ಅದು, ಸಣ್ಣದನ್ನೂ ತಪ್ಪಿಸುವುದಿಲ್ಲ. ಅವರ ಮುಖದಲ್ಲಿ ಮೂಡಿದ ಭಯವನ್ನು ನಾನು ಮರೆಯಲಾರೆ. ಇಷ್ಟು ದಿನ ಹೆಂಡತಿಗಿದ್ದ ಭಯ ಆ ಹೊತ್ತಿಗೆ ಅವರಿಗೂ ಬಂತು.

ಮುಂದಿನದಕ್ಕೆ ಯೋಚನೆ ಬೇಕಿರಲಿಲ್ಲ, ಕೈಗೆ ಗೊತ್ತಿತ್ತು. ತುರ್ತಿನ ನೀಲಿ ಪಂಪನ್ನು ಔಷಧ ಎಳೆಯುವ ಪ್ಲಾಸ್ಟಿಕ್ ಡಬ್ಬಿಗೆ ಸಿಕ್ಕಿಸಿ ಒಂದೊಂದೇ ಸಲ ಎಳೆಸಿದೆ. ಬೆರಳಿಗೆ ಆಕ್ಸಿಮೀಟರಿನ ಕ್ಲಿಪ್ಪು ಹಾಕಿ ರಕ್ತದ ಆಮ್ಲಜನಕ ನೋಡಿದೆ. ಎಂಬತ್ತೆಂಟು. ಡಾಕ್ಟರಿಗೆ ಫೋನ್ ಮಾಡಿದೆ. ಬಾಳೇಶ ಮತ್ತು ನಾನು ಅವರನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಸಮೇತ ಎತ್ತಿ ಗಾಡಿಗೆ ತಂದೆವು. ಊರಿನ ಸರಕಾರಿ ದವಾಖಾನೆಯಲ್ಲಿ ಆಮ್ಲಜನಕ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಅಲ್ಲಿನ ಡಾಕ್ಟರಮ್ಮ ಒಳ್ಳೆಯವರು, ಸಿಲಿಂಡರಿನ ಸಮೇತ ಅಂಬುಲೆನ್ಸಿನಲ್ಲಿ ಬೈಲಹೊಂಗಲಕ್ಕೆ ಕಳಿಸಿದರು. ದಾರಿಯಲ್ಲಿ ಗುರುಬಸವ್ವ ಗಂಡನ ಕಾಲು ಹಿಡಿದು ಕೂತಿದ್ದಳು. ಯರಗಟ್ಟಿ ದಾಟಿದ ಮೇಲೆ ಕಾಕಾ ಮಾಸ್ಕಿನ ಒಳಗಿಂದ ಏನೋ ಅಂದರು. ನಾನು ಬಗ್ಗಿದೆ.

"ತಾಟಿನ್ಯಾಗ... ಎಂಟ ಗುಂಡ ಅದಾವ. ಮುಚ್ಚಿ ಬಂದೀರೇನು?"

"ನಿಮ್ಮ ಗುಂಡಿಗಿ ಮೊದಲ ನೆಟ್ಟಗಾಗಲಿ!" ಎಂದಳು ಗುರುಬಸವ್ವ. ಅಂದವಳೇ ಅತ್ತುಬಿಟ್ಟಳು. ನಾನೂ ಅತ್ತೆ. ನರ್ಸು ಅಳಬಾರದು ಅನ್ನುತ್ತಾರೆ. ಅನ್ನಲಿ.

ಅವರು ಏಳು ದಿನ ದವಾಖಾನೆಯಲ್ಲಿದ್ದರು. ಎರಡನೆಯ ದಿನ ಮಧ್ಯಾಹ್ನ, ಉಸಿರು ಹದಕ್ಕೆ ಬಂದ ಮೇಲೆ ನಾನು ಡಾಕ್ಟರ ಎದುರು, ಗಂಡಹೆಂಡತಿಯ ಎದುರು ನಡೆದದ್ದೆಲ್ಲ ಹೇಳಿದೆ. ಊದುಗೊಳವೆಯ ಮಾತು ಆಡಿದ್ದು, ಚಪ್ಪಾಳೆ ತಟ್ಟಿದ್ದು, ಕಾಕುವಿಗೆ ಬೈದದ್ದು. "ಪಂಪ ಕಡಿಮಿ ಮಾಡಿದಾಂವ ನಾನು," ಎಂದರು ಡಾಕ್ಟರು. "ಎದಿಗೆ ಸ್ಟೆತಾಸ್ಕೋಪ ಹಚ್ಚಲಾರದ ರಿಜಿಸ್ಟರ ನೋಡಿ ಮಾಡಿದೆ." ಕಾಕಾ ಮಾತ್ರ ನಕ್ಕರು. "ತಪ್ಪ ನಿಮ್ಮದs ಅಂತ ಹೆಂಗ ತಗೋತೀರಿ? ನನಗೂ ಒಲಿ ಬೇಕಾಗಿತ್ತು. ಟಪ್ಪ್ ಅಂದಾಗ ಎಲ್ಲೋ ಒಂದ ಕಡೆ ಗೊತ್ತಿತ್ತ್ರಿ ನನಗ, ಇದು ಎದಿದಲ್ಲ ಅಂತ. ಬೆಳ್ಳಿಗೆ ಬಂಗಾರದ ನೀರ ಕುಡಿಸಿದ್ದೆ."

ಗುರುಬಸವ್ವ ನಗಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ನಾಲ್ಕ ಸರತೆ ಹೇಳಿದ್ನವ್ವಾ ನಿನಗ."

"ಹೇಳಿದ್ರಿ ಕಾಕು."

"ಐದನೇ ಸರತೆ ಕೇಳತೀ?"

"ಕೇಳತೇನ್ರಿ."

ಅಷ್ಟಕ್ಕೆ ಆಕೆ ಆ ವಿಷಯ ಬಿಟ್ಟಳು. ಚೀಲದಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ನನ್ನ ಕೈಗೆ ಕೊಟ್ಟಳು. ಸಿಟ್ಟಿನಲ್ಲೇ ಕೊಟ್ಟಳು, ಆದರೆ ಎರಡು ರೊಟ್ಟಿ ಕೊಟ್ಟಳು.

ಮನೆಗೆ ಕಳಿಸುವ ದಿನ ಹೊಸ ಒಪ್ಪಂದವಾಯಿತು. ಇದ್ದಿಲ ಅಗ್ಗಿಷ್ಟಿಕೆ ಪೂರ್ತಿ ಹೊರಗೆ. ಪೂರ್ತಿ ಪಂಪು, ಎರಡು ಹೊತ್ತು. ಅಂಕಿ ಇನ್ನೂರಾ ಐವತ್ತು ದಾಟಿದ ಮೇಲೆ ಮಾತ್ರ, ಬಾಗಿಲು ಕಿಟಕಿ ತೆರೆದಿಟ್ಟು, ಕಾಲಿನಿಂದ ಒತ್ತುವ ತಿದಿ ಇರುವ ಸಣ್ಣ ಗ್ಯಾಸಿನ ಉರಿಯಲ್ಲಿ ದಿನಕ್ಕೆ ಎರಡು ತಾಸು ಕೆಲಸ. ಕಾಲಿನ ಗಾಳಿಗೆ ಬೋರಮಾಳದ ಗುಂಡು ಬೆಸೆಯುವುದಿಲ್ಲ ಎಂದು ಕಾಕಾ ಜಗಳ ತೆಗೆದರು. ಬೆಸೆಯುವತನಕ ಕಲಿಯಿರಿ, ನಾನು ಅರವತ್ತೆಂಟರವರಿಗೆ ಪೀಪಿ ಕಲಿಸುತ್ತಿಲ್ಲವೇ ಎಂದೆ.

ಪೀಪಿಯೇ ಕಷ್ಟವಾಗಿದ್ದು. ಗಲ್ಲ ಯಾರೂ ಹಿಡಿಯದಿದ್ದರೆ ಅದು ತಾನಾಗಿ ಉಬ್ಬುತ್ತಿತ್ತು. ಕಾಕಾ ಹಾಸಿಗೆಯಲ್ಲಿ ಕೂತೇ ಯೋಚನೆ ಮಾಡಿದ್ದರಂತೆ. ಊರಿಗೆ ಹೋದ ವಾರದಲ್ಲೇ ಹಿತ್ತಾಳೆಯ ಪಟ್ಟಿಯೊಂದನ್ನು ಬಗ್ಗಿಸಿ, ಎರಡೂ ತುದಿಗೆ ಬಟ್ಟೆಯ ಉಂಡೆ ಕಟ್ಟಿ, ತಲೆಯ ಮೇಲಿಂದ ಹಾಕಿಕೊಂಡು ಗಲ್ಲ ಒತ್ತುವ ಒಂದು ಸಾಮಾನು ಮಾಡಿದರು. ಅದನ್ನು ಹಾಕಿಕೊಂಡು ಫೋಟೋ ತೆಗೆದು ನನಗೆ ವಾಟ್ಸಾಪಿನಲ್ಲಿ ಕಳಿಸಿದರು. ನಾನು ದವಾಖಾನೆಯ ತುಂಬ ಆ ಫೋಟೋ ತೋರಿಸಿ ನಕ್ಕೆ. ಮರುದಿನ ಫೋನ್ ಮಾಡಿದರೆ ಆ ಪಟ್ಟಿ ಇರಲಿಲ್ಲ.

"ಇಕಿ ಒಗದ ಬಿಟ್ಲು," ಎಂದರು ಕಾಕಾ. "ತಾನs ಹಿಡೀತಾಳಂತ."

ಹಾಗೆ ಶುರುವಾಯಿತು. ದಿನಾ ಎಂಟು ಗಂಟೆಗೆ ಮನೋಳಿಯ ಆ ಪಡಸಾಲೆಯಲ್ಲಿ, ನಾಲ್ಕು ಮಂದಿಯ ಎದುರು ಒಬ್ಬರ ಹೆಸರು ಒಬ್ಬರು ಹೇಳದ ಗಂಡಹೆಂಡತಿ, ಎದುರುಬದುರು ಕೂರುತ್ತಾರೆ. ಆಕೆ ಎರಡೂ ಅಂಗೈಯಲ್ಲಿ ಗಂಡನ ಗಲ್ಲ ಹಿಡಿಯುತ್ತಾಳೆ. ಆತ ಊದುತ್ತಾನೆ. ಮೊದಮೊದಲು ಬಾಗಿಲು ಹಾಕಿಕೊಂಡು ಮಾಡುತ್ತಿದ್ದರಂತೆ. ಈಗ ಬಾಗಿಲು ತೆರೆದೇ ಇರುತ್ತದೆ. ಓಣಿಯವರು ನೋಡಿದರೆ ನೋಡಲಿ ಎಂದು ಆಕೆಯೇ ಹೇಳಿದಳು.

ನನ್ನ ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಂ ಎಳೆದೆ. ಮೊದಲ ಕಾಲಮಿನಲ್ಲಿ ಪೀಪಿಯ ಅಂಕಿ. ಅದರ ಪಕ್ಕದಲ್ಲಿ ಮನೆಯವರ ಮಾತು. ಈಗ ಇಪ್ಪತ್ತಾರು ಮಂದಿಗೂ ಕೇಳುತ್ತೇನೆ, ಪೇಶಂಟಿಗಲ್ಲ, ಜೊತೆಗಿರುವವರಿಗೆ. ಒಬ್ಬರ ಮನೆಯಲ್ಲಿ ಎಮ್ಮೆ ಹಿಂಡುವಾಗ ಎಷ್ಟು ಸಲ ಕೆಮ್ಮುತ್ತಾರೆ ಎಂದು ಲೆಕ್ಕ. ಒಬ್ಬರ ಮನೆಯಲ್ಲಿ ವಚನ ಹೇಳುವಾಗ ಉಸಿರು ಎಲ್ಲಿ ಮುರಿಯುತ್ತದೆ ಎಂದು. ಗುರುಬಸವ್ವನದು ಮಾಳಿಗೆಯ ಮೆಟ್ಟಿಲು. ಹೊಸ ಪೇಶಂಟು ಬಂದರೆ ಮೊದಲು ನೀವು ಯಾವ ಕೆಲಸ ಮಾಡುತ್ತೀರಿ ಎಂದು ಕೇಳುತ್ತೇನೆ, ಆಮೇಲೆ ಗಲ್ಲ ನೋಡುತ್ತೇನೆ. ಚಪ್ಪಾಳೆ ತಟ್ಟುವುದನ್ನು ಬಿಟ್ಟಿದ್ದೇನೆ.

ಫೆಬ್ರವರಿಯಲ್ಲಿ ನೂರಾ ತೊಂಬತ್ತು, ಮೂರು ಕಡೆ ನಿಂತರು. ಹೋಳಿಯ ಹೊತ್ತಿಗೆ ಇನ್ನೂರಾ ನಲವತ್ತು, ಎರಡು ಕಡೆ. ಯುಗಾದಿಯ ನಂತರ ಇನ್ನೂರಾ ಅರವತ್ತು, ಒಂದು ಕಡೆ. ಆ ವಾರವೇ ಗ್ಯಾಸಿನ ಉರಿ ಹಚ್ಚಿದರು. ಎರಡು ಗುಂಡು ಕರಗಿಸಿದರು, ಮೂರನೆಯದು ಬೆಸೆಯಿತು. ತಿದಿ ಒತ್ತಿದ್ದು ಗುರುಬಸವ್ವನ ಕಾಲು. ಮೊದಲು ಗಂಡನ ಉಸಿರು ನೋಡುತ್ತಾಳಂತೆ, ಆಮೇಲೆ ಒತ್ತುತ್ತಾಳಂತೆ. ತಿದಿ ನಿಂತರೆ ಕೆಲಸವೂ ನಿಲ್ಲುತ್ತದೆ, ಅದರ ಮೇಲೆ ವಾದವಿಲ್ಲ. ಜನವರಿಯ ಆ ಎಂಟು ಗುಂಡುಗಳ ಜೊತೆ ಈಗ ಇಪ್ಪತ್ತೆರಡಾಗಿವೆ ಎಂದು ಕಾಕಾ ಲೆಕ್ಕ ಹೇಳುತ್ತಿರುತ್ತಾರೆ.

ಮೊನ್ನೆ ಸೋಮವಾರ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಬರಕೋರಿ ಯಶೋಧಾಬಾಯಾರ. ಮುನ್ನೂರಾ ಹತ್ತ! ಒರಿಗಲ್ಲಿಗಿ ಹಚ್ಚಿ ನೋಡೇನಿ, ಪೂರಾ ಎದೀದು. ಗಲ್ಲದ ಬೆರಕಿ ಇಲ್ಲ."

ನಾನೂರಾ ಅರವತ್ತು ಬರೆದಾಗ ನನಗೆ ಇಷ್ಟು ಸಂತೋಷವಾಗಿರಲಿಲ್ಲ. ಕಣ್ಣು ಒದ್ದೆಯಾಗಿ ಮೂರರ ಅಂಕಿ ಸೊಟ್ಟಗಾಯಿತು. "ಕಾಕೂಗೆ ಕೊಡ್ರಿ," ಎಂದೆ.

ಗುರುಬಸವ್ವ ಬಂದಳು.

"ಇವತ್ತ ಎಷ್ಟ ಕಡೆ ನಿಂತ್ರು ಕಾಕು?"

"ನಿಂದರಲಿಲ್ಲವ್ವಾ." ಆಕೆಯ ದನಿಯಲ್ಲಿ ನಗು ತುಂಬಿತ್ತು. "ಹನ್ನೊಂದೂ ಮೆಟ್ಟಲಾ ಹತ್ತಿ ಹೋದ್ರು. ನುಚ್ಚಿನ ಬುಟ್ಟಿ ಹಿಡಕೊಂಡ ಹಿಂದ ಹೊಂಟಿದ್ದೆ. ನಾನs ನಡುವ ನಿಂತೆ. ಮ್ಯಾಲ ನಿಂತ ನನ್ನ ನೋಡಿ ನಕ್ಕರು."

ನಾನೂ ನಕ್ಕು ಎರಡನೆಯ ಕಾಲಮಿನಲ್ಲಿ ಸೊನ್ನೆ ಬರೆದೆ. ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಆ ಅಗ್ಗಿಷ್ಟಿಕೆಯ ಎದುರು ಐವತ್ತು ವರ್ಷ ಕಾಕಾ ಒಬ್ಬರೇ ಕೂತಿರಲಿಲ್ಲ. ಅದೇ ಗೋಡೆಯ ಆಚೆ ಅಡುಗೆಯ ಕಟ್ಟಿಗೆ ಒಲೆಯ ಮುಂದೆ ಇನ್ನೊಬ್ಬರೂ ಕೂತಿದ್ದರು.

"ಕಾಕು, ನೀವ್ಯಾಕ ನಿಂತ್ರಿ? ಮೊಣಕಾಲ ನೋವೋ, ಉಸರೋ?"

ಈ ಸಲ ನಾನು ಕಾದೆ.

"ಉಸರು," ಎಂದಳು ಆಕೆ ಮೆಲ್ಲಗೆ. "ಈಗೊಂದ ತಿಂಗಳಾತು. ನಿನಗ ಹೇಳಬೇಕಂತ ಮಾಡಿದ್ದೆ."

"ಈಗ ಹೇಳಿದ್ರಲ್ಲ, ಕೇಳಿಸ್ತು. ನಾಳಿ ಬಸ್ಸಿಗೆ ಇಬ್ಬರೂ ಬರ್ರಿ. ಡಾಕ್ಟರು ನೋಡತಾರ. ಬೇಗ ಗೊತ್ತಾದ್ರ ಬೇಗ ಕಡಿಮಿ ಆಗತೈತಿ. ನಿಮಗೂ ಒಂದ ಪೀಪಿ ತಗದ ಇಡತೇನಿ."

"ನನಗ್ಯಾತಕ್ಕವ್ವಾ ಪೀಪಿ? ನನಗ ಊದಾಕ ಬರೂದಿಲ್ಲ."

ಫೋನಿನ ಹತ್ತಿರವೇ ಕಿವಿಯಿಟ್ಟು ಕೂತಿದ್ದರು ಅಂತ ಕಾಣುತ್ತದೆ, ಕಾಕಾನ ದನಿ ಸ್ಪಷ್ಟವಾಗಿ ಕೇಳಿಸಿತು. ಮುನ್ನೂರಾ ಹತ್ತರ ಎದೆಯಿಂದ ಬಂದ ದನಿ, ಎಲ್ಲಿಯೂ ಮುರಿಯಲಿಲ್ಲ.

"ಇಡ್ರಿ ಬಾಯಾರ, ಹಸುರ ಟೇಪ ಹಚ್ಚೇ ಇಡ್ರಿ. ಇಕಿ ಗಲ್ಲಾ ನಾ ಹಿಡೀತೇನಿ."

ನಾನು ರಿಜಿಸ್ಟರಿನಲ್ಲಿ ಇಪ್ಪತ್ತೇಳನೆಯ ಹೆಸರು ಬರೆದು, ಟೇಪಿನ ಡಬ್ಬಿ ತೆಗೆದೆ.